ಬಂದದ್ದೆಷ್ಟು, ಹೋದದ್ದೆಷ್ಟು

ಮನೆ ನಡೆಸುವ ಹೆಂಗಸಿಗೆ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಾಣಕ್ಕೆ ಹತ್ತು ಕಿಲೋ ಕಡಲೆಬೀಜ ಕೊಟ್ಟವಳು ಎಣ್ಣೆಯನ್ನು ಮಾತ್ರ ಅಳೆಸಿಕೊಂಡು ಮನೆಗೆ ಬರುವುದಿಲ್ಲ, ಹಿಂಡಿಯನ್ನೂ ತೂಕ ಹಾಕಿಸುತ್ತಾಳೆ. ಎಣ್ಣೆ ನಾಲ್ಕು ಕಿಲೋ, ಹಿಂಡಿ ಐದೂವರೆ ಕಿಲೋ ಆದರೆ ಉಳಿದ ಅರ್ಧ ಕಿಲೋ ಎಲ್ಲಿ ಎಂದು ಗಾಣದವನ ಮುಖ ನೋಡುತ್ತಾಳೆ. "ತೇವ ಆರಿತಮ್ಮ, ಒಂದಿಷ್ಟು ಗಾಣಕ್ಕೇ ಮೆತ್ತಿಕೊಂಡಿತು" ಎಂದು ಅವನು ಹೇಳಬೇಕು. ಹೇಳದೆ ಇದ್ದರೆ ಮುಂದಿನ ಸಲ ಅವಳು ಬೇರೆ ಗಾಣಕ್ಕೆ ಹೋಗುತ್ತಾಳೆ. ಒಳಗೆ ಹೋದದ್ದೆಲ್ಲ ಯಾವುದಾದರೊಂದು ರೂಪದಲ್ಲಿ ಹೊರಗೆ ಬರಲೇಬೇಕು, ಮಾಯವಾಗಲು ಅದೇನು ಗಾರುಡಿಯ ಆಟವೇ? ಓದು ಬರಹ ಬಾರದ ನಮ್ಮ ಅಜ್ಜಿಯರಿಗೂ ಇದು ತಿಳಿದಿತ್ತು.

ಈ ಅಜ್ಜಿಯರ ಲೆಕ್ಕಕ್ಕೆ ಈಗ ದೊಡ್ಡ ಹೆಸರು ಬಂದಿದೆ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ರಜೆಗೆ ಬಂದಾಗ ತನ್ನ ಪುಸ್ತಕ ತೋರಿಸಿದಳು. ಕಾರ್ಖಾನೆಯೊಂದಕ್ಕೆ ಎಷ್ಟು ಕಚ್ಚಾ ವಸ್ತು, ಎಷ್ಟು ನೀರು, ಎಷ್ಟು ಕರೆಂಟು ಬಂತು, ಅದರಲ್ಲಿ ಎಷ್ಟು ಸರಕಾಯಿತು, ಎಷ್ಟು ಕಸವಾಯಿತು, ಎಷ್ಟು ಬರೀ ಬಿಸಿಯಾಗಿ ಗಾಳಿಗೆ ಹೋಯಿತು ಎಂಬುದನ್ನೆಲ್ಲ ಚಿತ್ರ ಬರೆದು ಲೆಕ್ಕ ಹಾಕುತ್ತಾರಂತೆ. ವಸ್ತು ಮತ್ತು ಶಕ್ತಿಯ ಹರಿವಿನ ಮಾದರಿ ಎಂದು ಅದನ್ನು ಕರೆಯುತ್ತಾರೆ. ಮೊದಲು ಕಾರ್ಖಾನೆಯ ಸುತ್ತ ಒಂದು ಗೆರೆ ಎಳೆಯಬೇಕು. ಆ ಗೆರೆಯನ್ನು ದಾಟಿ ಒಳಗೆ ಬರುವುದನ್ನೆಲ್ಲ ಒಂದು ಕಡೆ, ಹೊರಗೆ ಹೋಗುವುದನ್ನೆಲ್ಲ ಇನ್ನೊಂದು ಕಡೆ ಬಾಣಗಳಾಗಿ ತೋರಿಸಬೇಕು. ಹೆಚ್ಚಿಗೆ ಹರಿಯುವುದಕ್ಕೆ ದಪ್ಪ ಬಾಣ, ಕಡಿಮೆ ಹರಿಯುವುದಕ್ಕೆ ತೆಳು ಬಾಣ. 1898ರಲ್ಲಿ ಸ್ಯಾಂಕಿ ಎಂಬ ಐರಿಷ್ ಎಂಜಿನಿಯರನೊಬ್ಬ ಉಗಿಯಂತ್ರಕ್ಕೆ ಇಂಥ ಚಿತ್ರ ಬರೆದು ತೋರಿಸಿದ್ದರಿಂದ ಇದಕ್ಕೆ ಸ್ಯಾಂಕಿ ಚಿತ್ರವೆಂದೇ ಹೆಸರು. ಬೆಂಗಳೂರಿನ ಸ್ಯಾಂಕಿ ಕೆರೆ ಕಟ್ಟಿಸಿದ ಸ್ಯಾಂಕಿ ಬೇರೆ, ಈ ಸ್ಯಾಂಕಿ ಬೇರೆ.

ನಾನು ಓದಿದ್ದು ಬಿ.ಎ., ಪಾಠ ಮಾಡುವುದು ಸಮಾಜ ವಿಜ್ಞಾನ. ಆದರೂ ಆ ಚಿತ್ರ ನೋಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಬಂಗಾರಪೇಟೆಯ ಶಾಲೆಯಲ್ಲಿ ಪಾಠ ಮಾಡುವವಳಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕೆ? ಇಲ್ಲಿಂದ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ್, ಊರ್ಗಾಂ, ಚಾಂಪಿಯನ್ ಎಂದು ಒಂದಾದ ಮೇಲೊಂದು ನಿಲ್ದಾಣ ಬರುತ್ತವೆ. ಕಿಟಕಿಯ ಹೊರಗೆ ಬೂದಿ ಬಣ್ಣದ, ಮೇಲೆ ಚಪ್ಪಟೆಯಾದ ಗುಡ್ಡಗಳು ಕಾಣುತ್ತವೆ. ಹೊಸಬರು ನೋಡಿ "ಇದೇನು ಬೆಟ್ಟ?" ಎನ್ನುತ್ತಾರೆ. ಅದು ದೇವರು ಮಾಡಿದ ಬೆಟ್ಟವಲ್ಲ, ಮನುಷ್ಯ ಮಾಡಿದ ಹಿಂಡಿ. ಎಣ್ಣೆ ತೆಗೆದುಕೊಂಡವರು ಹಿಂಡಿಯನ್ನು ಇಲ್ಲೇ ಬಿಟ್ಟು ಹೋದರು.

ಬಂಗಾರಪೇಟೆಯ ಹೆಸರಿನಲ್ಲಿರುವ ಬಂಗಾರವೂ ನಿಜವಾದ ಬಂಗಾರವಲ್ಲ ಎಂದರೆ ಮಕ್ಕಳು ನಗುತ್ತಾರೆ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಇದು ಬೌರಿಂಗ್‌ಪೇಟೆ. ಜನರ ಬಾಯಲ್ಲಿ ತಿರುಗಿ ತಿರುಗಿ ಬಂಗಾರಪೇಟೆಯಾಯಿತು. ಆದರೆ ಬಂಗಾರದ ಊರಿಗೆ ಬಾಗಿಲು ನಮ್ಮದೇ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಯ ಕೆಲಸಕ್ಕೆ ಕೈಹಾಕಿತು. 1894ರಲ್ಲಿ ಇಲ್ಲಿಂದ ಗಣಿಗೆ ರೈಲು ಹಾದಿ ಬಿತ್ತು. ಯಂತ್ರ, ಕಲ್ಲಿದ್ದಲು, ಮರ, ಅಕ್ಕಿ, ಕೂಲಿಯವರು ಎಲ್ಲ ಒಳಗೆ ಹೋದದ್ದು ಈ ಹಾದಿಯಲ್ಲೇ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಆಯಿತು, 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಇಷ್ಟು ಚರಿತ್ರೆ ಗೈಡ್ ಪುಸ್ತಕದಲ್ಲೂ ಸಿಗುತ್ತದೆ. ಸಿಗದಿರುವುದು ಲೆಕ್ಕ.

ಸುಮಾರು ನೂರಿಪ್ಪತ್ತು ವರ್ಷಗಳಲ್ಲಿ ಈ ಗಣಿಗಳಿಂದ ಬಂದ ಚಿನ್ನ ಹೆಚ್ಚುಕಡಿಮೆ 800 ಟನ್. ಕೇಳಲು ಬಹಳ ದೊಡ್ಡದು. ಆದರೆ ಚಿನ್ನ ಭಾರದ ಲೋಹ, ನೀರಿಗಿಂತ ಹತ್ತೊಂಬತ್ತು ಪಟ್ಟು ತೂಕ. ಹಾಗಾಗಿ ಆ 800 ಟನ್ನನ್ನೂ ಒಂದೇ ಕಡೆ ಒತ್ತಾಗಿ ಜೋಡಿಸಿದರೆ ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆಯಲ್ಲಿ ಹೆಚ್ಚುಕಡಿಮೆ ಹಿಡಿದುಬಿಡುತ್ತದೆ. ನಮ್ಮ ನಿಮ್ಮ ಮನೆಗಳ ಮಲಗುವ ಕೋಣೆಯಷ್ಟು! ನಾಲ್ಕು ತಲೆಮಾರು ಭೂಮಿಯ ಹೊಟ್ಟೆಯೊಳಗೆ ಇಳಿದು ಹತ್ತಿದ್ದು ಈ ಒಂದು ಕೋಣೆಗಾಗಿ.

ಈ ಕೋಣೆ ತುಂಬಲು ಮೇಲಕ್ಕೆ ತಂದು ಅರೆದ ಅದಿರು ಸುಮಾರು 5 ಕೋಟಿ 10 ಲಕ್ಷ ಟನ್. ಸರಾಸರಿ ಹಿಡಿದರೆ ಒಂದು ಟನ್ ಕಲ್ಲಿಗೆ ಹದಿನಾರು ಗ್ರಾಮಿಗೂ ಸ್ವಲ್ಪ ಕಡಿಮೆ ಚಿನ್ನ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಎಂಟು ಗ್ರಾಮಿನ ಒಂದು ಸವರನಿಗೆ ಅರ್ಧ ಟನ್ ಕಲ್ಲು, ಅಂದರೆ ನೂರು ಕಿಲೋದ ಐದು ಅಕ್ಕಿ ಮೂಟೆಗಳಷ್ಟು ತೂಕ.

ಇದನ್ನು ತರಗತಿಯಲ್ಲಿ ಬಣ್ಣದ ಸೀಮೆಸುಣ್ಣ ಹಿಡಿದು ಸ್ಯಾಂಕಿ ಚಿತ್ರವಾಗಿ ಬರೆಯಲು ಹೊರಟೆ. ಒಳಗೆ ಬರುವ ಅದಿರಿನ ಬಾಣಕ್ಕೆ ಹಲಗೆಯ ಮೇಲೆ ಒಂದು ಮೀಟರ್ ಅಗಲ ಕೊಟ್ಟೆವು. ಹೊರಗೆ ಹೋಗುವ ಚಿನ್ನದ ಬಾಣಕ್ಕೆ ಎಷ್ಟು ಅಗಲ? ಮಕ್ಕಳು ಗುಣಿಸಿ ಭಾಗಿಸಿ ಹೇಳಿದರು. ಒಂದು ಮಿಲಿಮೀಟರನ್ನು ನೂರು ಭಾಗ ಮಾಡಿದರೆ ಅದರಲ್ಲಿ ಒಂದೂವರೆ ಭಾಗ. ತಲೆಕೂದಲಿನ ಎಳೆಯೊಂದನ್ನು ಉದ್ದಕ್ಕೆ ನಾಲ್ಕಾಗಿ ಸೀಳಿದರೆ ಎಷ್ಟೋ ಅಷ್ಟು. ಅದನ್ನು ಬರೆಯುವ ಸೀಮೆಸುಣ್ಣ ಯಾವ ಅಂಗಡಿಯಲ್ಲಿ ಸಿಗುತ್ತದೆ? ಉಳಿದ ಒಂದು ಮೀಟರೂ ಕಲ್ಲುಪುಡಿಯ ಬಾಣ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಹಾಗಾದರೆ ಮಿಸ್, ನಮ್ಮ ತಾತ ಕೆಲಸ ಮಾಡಿದ್ದು ಚಿನ್ನದ ಗಣಿಯಲ್ಲಿ ಅಲ್ಲ, ಕಲ್ಲುಪುಡಿ ಮಾಡುವ ಕಾರ್ಖಾನೆಯಲ್ಲಿ" ಎಂದ. ತರಗತಿಯೆಲ್ಲ ನಕ್ಕಿತು. ನನಗೆ ಮಾತ್ರ ಅವನು ಪಾಠವನ್ನು ನನಗಿಂತ ಚೆನ್ನಾಗಿ ಹೇಳಿದ ಎನ್ನಿಸಿತು.

ಕಲ್ಲು ಚಿನ್ನವಾಗುವ ದಾರಿಯೂ ಒಂದು ಅಡುಗೆಯ ಹಾಗೆಯೇ. ಬಂಡೆಗೆ ತೂತು ಕೊರೆದು, ಮದ್ದು ತುಂಬಿ ಸಿಡಿಸಿ, ಬಿದ್ದ ಕಲ್ಲನ್ನು ಮೇಲಕ್ಕೆ ಎಳೆದು ತರಬೇಕು. ಒನಕೆಗಳಂತೆ ಏಳುತ್ತ ಬೀಳುತ್ತ ಇರುವ ಭಾರಿ ಕಬ್ಬಿಣದ ಯಂತ್ರಗಳ ಕೆಳಗೆ ಅದನ್ನು ನೀರಿನೊಡನೆ ಕುಟ್ಟಿ ನುಣ್ಣಗೆ ಮಾಡಬೇಕು. ಆ ಕೆಸರನ್ನು ಪಾದರಸ ಸವರಿದ ತಾಮ್ರದ ತಗಡುಗಳ ಮೇಲೆ ಹರಿಸಿದರೆ ಚಿನ್ನದ ಕಣಗಳು ಪಾದರಸಕ್ಕೆ ಅಂಟಿಕೊಳ್ಳುತ್ತವೆ. ಅದಕ್ಕೂ ಸಿಗದ ಅತಿ ಸಣ್ಣ ಕಣಗಳಿಗೆ ಸೈನೈಡ್. 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕಂಡುಹಿಡಿದ ವಿಧಾನವದು. ಸೈನೈಡ್ ಬೆರೆತ ನೀರು, ನಿಂಬೆಹುಳಿಯಲ್ಲಿ ಉಪ್ಪು ಕರಗುವಂತೆ, ಚಿನ್ನವನ್ನು ಕರಗಿಸಿಕೊಳ್ಳುತ್ತದೆ. ಆಮೇಲೆ ಆ ನೀರಿಗೆ ಸತುವು ಹಾಕಿದರೆ ಚಿನ್ನ ಮತ್ತೆ ಗಟ್ಟಿಯಾಗಿ ಕೆಳಗೆ ಕೂರುತ್ತದೆ. ಅದನ್ನು ಕುಲುಮೆಯಲ್ಲಿ ಕರಗಿಸಿ ಗಟ್ಟಿ ಎರೆಯುವುದು. ಚಿನ್ನ ಹೋದ ಕೆಸರನ್ನು ಊರ ಪಕ್ಕದಲ್ಲೇ ಸುರಿಯುತ್ತ ಹೋದರು. ಅದು ಒಣಗಿ, ಮೇಲೆ ಇನ್ನೊಂದು ಪದರ ಬಿದ್ದು, ಹೀಗೆ ಬೆಳೆದವು ಆ ಗುಡ್ಡಗಳು. ಇಂದಿಗೂ ಜನ ಅವನ್ನು ಸೈನೈಡ್ ಗುಡ್ಡ ಎಂದೇ ಕರೆಯುತ್ತಾರೆ.

ಇದು ವಸ್ತುವಿನ ಲೆಕ್ಕವಾಯಿತು. ಒಲೆಗೆ ಹಾಕಿದ ಸೌದೆಯ ಲೆಕ್ಕ ಇನ್ನೂ ಬಾಕಿ ಇದೆ.

ಮೊದಮೊದಲು ಗಣಿಯ ಯಂತ್ರಗಳೆಲ್ಲ ಉಗಿಯಿಂದ ನಡೆಯುತ್ತಿದ್ದವು. ಉಗಿಗೆ ಬೆಂಕಿ ಬೇಕು, ಬೆಂಕಿಗೆ ಸೌದೆ ಮತ್ತು ಕಲ್ಲಿದ್ದಲು ಬೇಕು. ಕಲ್ಲಿದ್ದಲು ದೂರದಿಂದ ಬರಬೇಕಾಗಿತ್ತು, ಸೌದೆ ಸುತ್ತಲಿನ ಕಾಡುಗಳಿಂದ ಬಂತು. ಒಳಗೆ ಬಂಡೆ ಕುಸಿಯದಂತೆ ಆನಿಸುವುದಕ್ಕೂ ಮರವೇ ಬೇಕಾಗಿತ್ತು. ಆಮೇಲೆ ಕಣ್ಣು ಬಿದ್ದದ್ದು ಕಾವೇರಿಯ ಮೇಲೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಉತ್ಪಾದಿಸುವ ಯೋಜನೆ ಶುರುವಾಯಿತು. 1902ರ ಜೂನ್ 30ರಂದು ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಕರೆಂಟು ಹರಿದು ಗಣಿಗೆ ಬಂತು. ಅಷ್ಟು ದೂರ ವಿದ್ಯುತ್ತನ್ನು ಒಯ್ಯುವುದು ಆ ಕಾಲಕ್ಕೆ ಜಗತ್ತೇ ತಿರುಗಿ ನೋಡುವಂಥ ಕೆಲಸ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ. ಅಂದರೆ ರಾಜಧಾನಿಗಿಂತ ಮೂರು ವರ್ಷ ಮೊದಲು ಗಣಿಯ ಯಂತ್ರಕ್ಕೆ ಕರೆಂಟು ಸಿಕ್ಕಿತು. ಆ ತಂತಿಯ ಕೆಳಗಿದ್ದ ಹಳ್ಳಿಗಳಲ್ಲಂತೂ ನಮ್ಮ ಅಜ್ಜಿಯರು ಎಷ್ಟೋ ದಶಕಗಳವರೆಗೆ ಬುಡ್ಡಿ ದೀಪದಲ್ಲೇ ಒಲೆ ಊದಿದರು.

ಬೇಸಿಗೆಯಲ್ಲಿ ಹೊಳೆ ಬತ್ತಿದರೆ ಗಣಿಯ ಕರೆಂಟಿಗೂ ಕೊರತೆ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಹೊಲಗಳಿಗೆ ನೀರು ಒಂದಾದರೆ, ಶಿವನಸಮುದ್ರಕ್ಕೆ ವರ್ಷವಿಡೀ ನೀರು ಹರಿಸಿ ಕೋಲಾರದ ಗಣಿಗೆ ಎಡೆಬಿಡದೆ ಕರೆಂಟು ಕೊಡುವುದು ಇನ್ನೊಂದು. ಮಂಡ್ಯದ ಭತ್ತದ ಗದ್ದೆಗೂ ಮಾರಿಕುಪ್ಪದ ಗಣಿಗೂ ಒಂದೇ ಕಟ್ಟೆಯ ಸಂಬಂಧ. ಯಾವ ಮದುವೆ ದಲ್ಲಾಳಿಯೂ ಇಂಥ ಬೀಗತನ ಕೂಡಿಸಿರಲಾರ!

ಆ ಕರೆಂಟೆಲ್ಲ ಚಿನ್ನ ತೆಗೆಯುವುದಕ್ಕೇ ಹೋಯಿತೇ? ಇಲ್ಲ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಅಷ್ಟು ಆಳದಿಂದ ಒಂದು ಟನ್ ಕಲ್ಲನ್ನು ಮೇಲಕ್ಕೆತ್ತಲು, ಯಂತ್ರದಲ್ಲಿ ಏನೂ ಪೋಲಾಗುವುದಿಲ್ಲ ಎಂದುಕೊಂಡರೂ, ಎಂಟು ಯೂನಿಟ್ ಬೇಕು ಎಂದು ನಮ್ಮ ವಿಜ್ಞಾನದ ಮೇಡಂ ಲೆಕ್ಕ ಮಾಡಿಕೊಟ್ಟರು. ಸಾಧಾರಣ ಮನೆಯೊಂದಕ್ಕೆ ಎರಡು ಮೂರು ದಿನಕ್ಕೆ ಸಾಲುವ ಕರೆಂಟು ಅದು. ಎತ್ತುವುದೊಂದೇ ಆಗಿದ್ದರೆ ಪರವಾಗಿಲ್ಲ. ಅಷ್ಟು ಆಳದಲ್ಲಿ ಬಂಡೆಯೇ ಅರವತ್ತು ಡಿಗ್ರಿಗೂ ಮೇಲೆ ಸುಡುತ್ತದೆ. ಕೈಯಿಟ್ಟರೆ ಸುಡುವ ದೋಸೆ ಹಂಚಿನ ಮೇಲೆ ನಿಂತು ಕೆಲಸ ಮಾಡಿ ಎಂದರೆ ಮನುಷ್ಯ ಮಾಡಿಯಾನೇ? ಅದಕ್ಕೆ ಮೇಲೆ ಗಾಳಿ ತಂಪು ಮಾಡುವ ಯಂತ್ರ ಹಾಕಿ, ಆ ತಣ್ಣನೆ ಗಾಳಿಯನ್ನು ಕೆಳಕ್ಕೆ ದೂಡಬೇಕು. ಕೆಳಗೆ ಒಸರುವ ನೀರನ್ನು ಮೇಲಕ್ಕೆ ಪಂಪು ಮಾಡಬೇಕು. ಕೊರೆಯುವ ಯಂತ್ರಕ್ಕೆ ಒತ್ತಿದ ಗಾಳಿ ಕಳಿಸಬೇಕು. ಗ್ಯಾಸ್ ಒಲೆಯ ಉರಿಯೆಲ್ಲ ಅನ್ನಕ್ಕೆ ಹೋಗದೆ ಒಂದು ಪಾಲು ಅಡುಗೆಮನೆಯನ್ನೂ ನಮ್ಮನ್ನೂ ಬೇಯಿಸುವಂತೆ, ಇಲ್ಲಿಯೂ ಶಕ್ತಿಯ ದೊಡ್ಡ ಪಾಲು ಸದ್ದಾಗಿ, ಬಿಸಿಯಾಗಿ, ಮನುಷ್ಯರು ಅಲ್ಲಿ ಸಾಯದಂತೆ ನೋಡಿಕೊಳ್ಳುವುದಕ್ಕಾಗಿ ಖರ್ಚಾಯಿತು.

ಯಾವ ಮೀಟರಿಗೂ ಸಿಗದ ಶಕ್ತಿಯೊಂದು ಅಲ್ಲಿತ್ತು. ಮೇಲಿನ ಭಾರವನ್ನೆಲ್ಲ ಹೊತ್ತು ಬಿಗಿದುಕೊಂಡಿದ್ದ ಬಂಡೆ, ಒಳಗೆ ಟೊಳ್ಳು ಮಾಡುತ್ತ ಹೋದಂತೆ, ಒಂದು ದಿನ ಇದ್ದಕ್ಕಿದ್ದಂತೆ ಸಿಡಿಯುತ್ತದೆ. ಅದಕ್ಕೆ ರಾಕ್ ಬರ್ಸ್ಟ್ ಎನ್ನುತ್ತಾರೆ. ಮೇಲಿನ ಲೈನ್ ಮನೆಗಳಲ್ಲಿ ಗೂಡಿನ ಪಾತ್ರೆಗಳು ಉರುಳಿದರೆ ಹೆಂಗಸರು ಒಲೆಯ ಮೇಲಿದ್ದದ್ದನ್ನು ಹಾಗೆಯೇ ಬಿಟ್ಟು ಗಣಿಯ ಬಾಯಿಗೆ ಓಡುತ್ತಿದ್ದರು. ಯಾರ ಮನೆಯವನು ಮೇಲೆ ಬಂದ, ಯಾರ ಮನೆಯವನು ಬರಲಿಲ್ಲ ಎಂಬುದು ತಿಳಿಯುವವರೆಗೆ ಅಲ್ಲೇ ನಿಲ್ಲುತ್ತಿದ್ದರು. ಯಾವ ಚಿತ್ರದಲ್ಲೂ ಆ ನಿಂತ ಹೊತ್ತಿಗೆ ಬಾಣವಿಲ್ಲ.

ನೀರಿನ ಕಥೆಯೂ ಹೀಗೆಯೇ. ನಮ್ಮದು ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ. ಇರುವ ಪಾಲಾರ್ ನದಿಗೆ ಬೇತಮಂಗಲದಲ್ಲಿ ಕಟ್ಟಿದ ಕೆರೆಯಿಂದ ನೀರು ಗಣಿಗೆ ಹೋಯಿತು. ಅರೆಯುವುದಕ್ಕೆ, ತೊಳೆಯುವುದಕ್ಕೆ, ಕರಗಿಸುವುದಕ್ಕೆ ಎಲ್ಲಕ್ಕೂ ನೀರು ಬೇಕು. ಕೆಸರಿನೊಡನೆ ಹೋದ ನೀರು ಗುಡ್ಡಗಳ ಮೇಲೆ ಆರಿ ಹೋಯಿತು.

ವರ್ಷ ಕಳೆದಂತೆ ಒಂದು ಬಾಣ ತೆಳುವಾಗುತ್ತ, ಇನ್ನೊಂದು ದಪ್ಪವಾಗುತ್ತ ಹೋಯಿತು. ಆರಂಭದ ವರ್ಷಗಳಲ್ಲಿ ಟನ್ನಿಗೆ ನಲವತ್ತು ಗ್ರಾಮಿಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಆಗ ಒಂದು ಸವರನಿಗೆ ಇನ್ನೂರು ಕಿಲೋ ಕಲ್ಲೂ ಬೇಕಾಗಿರಲಿಲ್ಲ. ಕೊನೆಗೆ ಟನ್ನಿಗೆ ಮೂರು ಗ್ರಾಮಿನ ಆಸುಪಾಸಿಗೆ ಇಳಿಯಿತು. ಅದೇ ಸವರನಿಗೆ ಎರಡೂವರೆ ಟನ್ನಿಗೂ ಮೀರಿದ ಕಲ್ಲು, ಅದೂ ಇನ್ನಷ್ಟು ಆಳದಿಂದ, ಇನ್ನಷ್ಟು ಕರೆಂಟು ಸುಟ್ಟು, ಇನ್ನಷ್ಟು ತಂಪು ಗಾಳಿ ಊದಿ. ಕೂತು ಉಂಡರೆ ಕುಡಿಕೆ ಹೊನ್ನು ಸಾಲದು ಎಂಬ ಗಾದೆಯಿದೆ. ಇಲ್ಲಿ ಯಾರೂ ಕೂತು ಉಣ್ಣಲಿಲ್ಲ, ಬೆವರು ಸುರಿಸಿಯೇ ತೆಗೆದರು, ಆದರೂ ಕುಡಿಕೆ ಬರಿದಾಯಿತು. ಗಣಿ ಮುಚ್ಚಿದ್ದಕ್ಕೆ ಯಾರ ಯಾರದೋ ಹೆಸರು ಹೇಳಿ ಬಯ್ಯುವವರಿದ್ದಾರೆ. ತಪ್ಪುಗಳೂ ಇದ್ದಿರಬಹುದು. ಆದರೆ ಈ ಎರಡು ಬಾಣಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಆ ದಿನ ಎಂದಾದರೂ ಬರಲೇಬೇಕಿತ್ತು ಎಂದು ಎಂಟನೆಯ ತರಗತಿಯ ಮಕ್ಕಳಿಗೂ ಗೊತ್ತಾಗುತ್ತದೆ.

ಆದರೆ ನನ್ನ ವಿದ್ಯಾರ್ಥಿನಿ ಹೇಳಿದ ಒಂದು ಮಾತು ನನ್ನನ್ನು ಬಹಳ ದಿನ ಕಾಡಿತು. "ಮಿಸ್, ಈ ಲೆಕ್ಕದಲ್ಲಿ ಕಷ್ಟವಾದದ್ದು ಗುಣಾಕಾರ ಭಾಗಾಕಾರ ಅಲ್ಲ. ಗೆರೆ ಎಲ್ಲಿ ಎಳೆಯುವುದು ಅನ್ನುವುದೇ ಕಷ್ಟ" ಎಂದಿದ್ದಳು. ನಿಜ. ಕುಲುಮೆಯ ಸುತ್ತ ಮಾತ್ರ ಗೆರೆ ಎಳೆದರೆ ಹೊರಗೆ ಬರುವುದು ಬರೀ ಚಿನ್ನದ ಗಟ್ಟಿ. ಗಣಿಯ ಬೇಲಿಯ ಸುತ್ತ ಎಳೆದರೆ ಕಲ್ಲುಪುಡಿಯೂ ಒಳಗೇ ಬೀಳುತ್ತದೆ, ಹೊರಗೆ ಹೋದಂತೆ ಕಾಣುವುದಿಲ್ಲ. ಊರಿನ ಸುತ್ತ ಎಳೆದರೆ? ಮನೆಯ ಒಳಗಿನವರೆಗೂ ಎಳೆದರೆ?

ಚಾಂಪಿಯನ್ ರೀಫ್ ಕಡೆಯ ಲೈನ್ ಮನೆಯೊಂದರಲ್ಲಿ ನನಗೆ ಪರಿಚಯದ ಒಬ್ಬ ಅಜ್ಜಿ ಇದ್ದರು. ಗಂಡ ಮೂವತ್ತು ವರ್ಷ ಗಣಿಯೊಳಗೆ ಕೆಲಸ ಮಾಡಿ, ಕೊನೆಯ ಕೆಲವು ವರ್ಷ ಕೂತಲ್ಲೇ ಕೆಮ್ಮುತ್ತ ಹೋದವರು. ತಮಿಳು ಬೆರೆತ ಕನ್ನಡದಲ್ಲಿ ಆಕೆ ಹೇಳಿದ ಮಾತು ಇದು: "ಮನೆಗೆ ತಂದಿದ್ದು ಎರಡೇ, ಟೀಚರಮ್ಮ. ಸಂಬಳ ಒಂದು, ಧೂಳು ಒಂದು. ಸಂಬಳ ತಿಂಗಳಿಗೊಂದು ಸಲ, ಧೂಳು ದಿನಾ." ಆ ಧೂಳು ಒಗೆಯುವ ಬಟ್ಟೆಯಲ್ಲಿ ಸ್ವಲ್ಪ ಹೋಯಿತು, ಎದೆಯಲ್ಲಿ ಸ್ವಲ್ಪ ಉಳಿಯಿತು. 1940ರ ದಶಕದಲ್ಲಿ ಗಣಿಯ ಕೆಲಸಗಾರರನ್ನು ತಪಾಸಣೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ, ಕಂಡುಬಂತು. ವಾಸಿಯಾಗುವ ಕಾಯಿಲೆಯಲ್ಲ ಅದು. ಪಾಳಿ ಮುಗಿಸಿ ಮೇಲೆ ಬಂದವನ ಬಳಿ ಚಿನ್ನದ ಚೂರೇನಾದರೂ ಇದೆಯೇ ಎಂದು ಮೈ ತಡಕಿ ನೋಡಿ ಬಿಡುತ್ತಿದ್ದರು. ಎದೆಯೊಳಗೆ ಹೊತ್ತು ಹೊರಟ ಕಲ್ಲಿನ ಪುಡಿಯನ್ನು ಗೇಟಿನಲ್ಲಿ ಯಾರು ತೂಗಿದರು?

ಗುಡ್ಡಗಳ ಮಾತೂ ಅಷ್ಟೇ. ಸೈನೈಡ್ ಬಿಸಿಲಿಗೆ, ಗಾಳಿಗೆ ಕಾಲಕ್ರಮೇಣ ಒಡೆದು ಹೋಗುತ್ತದೆ. ಉಳಿಯುವುದು ಗಂಧದಷ್ಟು ನುಣ್ಣಗಿನ ಕಲ್ಲುಪುಡಿ ಮತ್ತು ಅದರೊಳಗಿನ ಲೋಹದ ಅಂಶಗಳು. ಆಷಾಢದ ಗಾಳಿ ಎದ್ದರೆ ಆ ಪುಡಿ ಊರ ಮೇಲೆ ಬರುತ್ತದೆ. ಒಣಹಾಕಿದ ಹಪ್ಪಳದ ಮೇಲೆ, ತೊಟ್ಟಿಲ ಬಟ್ಟೆಯ ಮೇಲೆ, ಮುಚ್ಚದೆ ಇಟ್ಟ ಕೊಡದೊಳಗೆ. ಸಿನಿಮಾದವರಿಗೆ ಆ ಗುಡ್ಡಗಳು ಮರುಭೂಮಿಯಂತೆ ಕಂಡು ಚಿತ್ರೀಕರಣಕ್ಕೆ ಬರುತ್ತಾರೆ. ಅವರು ಹೋದ ಮೇಲೆ ಒರೆಸಿ, ಗುಡಿಸಿ, ಒಗೆಯುವವರು ಆ ಊರಿನ ಹೆಂಗಸರು. ಮಳೆ ಬಂದರೆ ಅದೇ ಪುಡಿ ಕೊಚ್ಚಿಕೊಂಡು ಹಳ್ಳಕ್ಕೆ, ಹಳ್ಳದಿಂದ ಹೊಲಕ್ಕೆ ಹೋಗುತ್ತದೆ. ಗಣಿ ಮುಚ್ಚಿ ಇಪ್ಪತ್ತು ವರ್ಷ ಮೀರಿದರೂ ಈ ಬಾಣ ಇನ್ನೂ ನಿಂತಿಲ್ಲ. ಅಂಗಡಿ ಮುಚ್ಚಿದರೂ ಸಾಲದ ಬಡ್ಡಿ ಬೆಳೆಯುತ್ತಲೇ ಇರುತ್ತದಲ್ಲ, ಹಾಗೆ.

ಚಿನ್ನ ನಿಂತ ಮೇಲೆ ಆ ಊರಿನಿಂದ ಹೊರಗೆ ಹರಿಯುವುದು ಏನು? ಜನ. ಬೆಳಕು ಹರಿಯುವ ಮೊದಲೇ ಮಾರಿಕುಪ್ಪದಿಂದ ಹೊರಡುವ ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್, ಅಂಗಡಿ, ಆಸ್ಪತ್ರೆ, ಕಚೇರಿಗಳಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವವರು ಅವರು. ಬಂಗಾರಪೇಟೆಯ ಪ್ಲಾಟ್‌ಫಾರಮ್ಮಿನಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರು ಎಷ್ಟೋ ಜನ ಸಿಗುತ್ತಾರೆ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಬಿಡಿಸಬೇಕಾದ ಬೆಳ್ಳುಳ್ಳಿಯ ಚೀಲ. "ಚೆನ್ನಾಗಿದ್ದೀರಾ ಮಿಸ್?" ಎಂದು ಕೇಳಿ, ಉತ್ತರ ಕೇಳುವಷ್ಟರಲ್ಲಿ ರೈಲು ಹತ್ತಿರುತ್ತಾರೆ. ಒಂದು ಕಾಲದಲ್ಲಿ ಮೂವತ್ತು ಸಾವಿರದಷ್ಟು ಜನಕ್ಕೆ ಕೆಲಸ ಕೊಟ್ಟ ಊರು ಈಗ ತನ್ನ ಮಕ್ಕಳ ದುಡಿಮೆಯನ್ನು ದಿನವೂ ಬೇರೆ ಊರಿಗೆ ಕಳಿಸುತ್ತದೆ. ನಮ್ಮ ಜಿಲ್ಲೆಯ ಹಾಲು, ಟೊಮೆಟೊ, ಸೊಪ್ಪು ತರಕಾರಿಗಳೂ ಅದೇ ದಿಕ್ಕಿಗೆ ಹೋಗುತ್ತವೆ. ಬದಲಿಗೆ 2018ರಿಂದ ಬೆಂಗಳೂರು ನಮ್ಮ ಕೆರೆಗಳಿಗೆ ತಾನು ಬಳಸಿ ಬಿಟ್ಟ ನೀರನ್ನು ಶುದ್ಧಿ ಮಾಡಿ ಕಳಿಸುತ್ತಿದೆ. ಬತ್ತಿದ ಕೆರೆಗಳು ತುಂಬಿದವು, ಸುಳ್ಳಾಡಬಾರದು. ಇನ್ನೂ ಒಂದು ಹಂತ ಶುದ್ಧಿ ಮಾಡಿ ಕೊಡಿ ಎಂದು ರೈತರು ಕೇಳುತ್ತಲೇ ಇದ್ದಾರೆ. ಅವರು ಕೇಳುವುದು ನ್ಯಾಯವೇ. ಒಳಗೆ ಬರುವುದರಲ್ಲಿ ಏನೇನಿದೆ ಎಂದು ತಿಳಿಯದೆ ಯಾವ ಗೃಹಿಣಿ ಅದನ್ನು ಪಾತ್ರೆಗೆ ಹಾಕುತ್ತಾಳೆ?

ಈಗ ಮತ್ತೆ ಗುಡ್ಡಗಳಿಗೆ ಬೆಲೆ ಬಂದಿದೆ. ಸಾವಿರ ಎಕರೆಗೂ ಸ್ವಲ್ಪ ಹೆಚ್ಚು ಜಾಗದಲ್ಲಿರುವ ಹದಿಮೂರು ಗುಡ್ಡಗಳಲ್ಲಿ ಮೂರು ಕೋಟಿ ಟನ್ನಿಗೂ ಮೀರಿದ ಪುಡಿಯಿದೆ. ಅದರಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸುದ್ದಿ ಬಂದ ದಿನ ಊರಲ್ಲಿ ಹಬ್ಬದ ಮಾತು. ಗಣಿ ಮತ್ತೆ ಶುರುವಾಗುತ್ತದಂತೆ, ಹುಡುಗರಿಗೆ ಕೆಲಸ ಸಿಗುತ್ತದಂತೆ! ಅವರ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ಮನೆಯ ಮಗ ನಸುಕಿಗೇ ರೈಲಿಗೆ ಓಡುವುದು ತಪ್ಪಿದರೆ ಯಾವ ತಾಯಿಗೆ ಸಂತೋಷವಿಲ್ಲ?

ಆದರೆ ಈ ಪುಡಿಯಲ್ಲಿ ಟನ್ನಿಗೆ ಒಂದು ಗ್ರಾಮಿಗಿಂತಲೂ ಕಡಿಮೆ ಚಿನ್ನ. ಒಂದು ಸವರನಿಗೆ ಎಂಟು ಟನ್ನಿಗೂ ಮೀರಿ ಪುಡಿಯನ್ನು ಅಗೆದು, ಕಲಕಿ, ತೊಳೆದು, ಮತ್ತೆ ಎಲ್ಲಾದರೂ ಸುರಿಯಬೇಕು. ಕಲ್ಲು ಒಡೆಯುವ ಖರ್ಚಿಲ್ಲ, ಆಳದಿಂದ ಎತ್ತುವ ಖರ್ಚಿಲ್ಲ, ಆದ್ದರಿಂದ ಚಿನ್ನದ ಈಗಿನ ಬೆಲೆಯಲ್ಲಿ ಲಾಭವಾದೀತು. ಆಗಲಿ, ಬೇಡವೆನ್ನುವುದಿಲ್ಲ. ಸರಿಯಾಗಿ ಮಾಡಿದರೆ ಆ ಧೂಳಿನ ಗುಡ್ಡಗಳಿಗೆ ಒಂದು ಗತಿಯೂ ಕಂಡೀತು. ನಾನು ಕೇಳುವುದು ಇಷ್ಟೇ, ಮಣ್ಣಿಗೆ ಮೊದಲ ಗುದ್ದಲಿ ಬೀಳುವ ಮುನ್ನ ಚಿತ್ರ ಬರೆದು ಊರ ಮುಂದೆ ಇಡಿ. ಇಷ್ಟು ನೀರು ಬೇಕು, ಅದನ್ನು ಈ ಕೆರೆಯಿಂದ ತರುತ್ತೇವೆ. ಇಷ್ಟು ಸೈನೈಡ್ ಬಳಸುತ್ತೇವೆ, ಅದನ್ನು ಹೀಗೆ ಕಳೆಯುತ್ತೇವೆ. ತೊಳೆದ ಪುಡಿಯನ್ನು ಇಲ್ಲಿ ಹಾಕಿ ಹೀಗೆ ಮುಚ್ಚುತ್ತೇವೆ, ಮೇಲೆ ಹುಲ್ಲು ಬೆಳೆಸುತ್ತೇವೆ. ಇಷ್ಟು ಜನಕ್ಕೆ ಇಷ್ಟು ವರ್ಷ ಕೆಲಸ. ಕೆಲಸ ಮುಗಿದ ಮೇಲೆ ಅವರ ಎದೆಯ ತಪಾಸಣೆ ಮಾಡಿಸುವವರು ಇವರು. ಮತ್ತು ಗೆರೆಯನ್ನು ಬೇಲಿಯ ಸುತ್ತ ಅಲ್ಲ, ಕೊನೆಯ ಲೈನ್ ಮನೆಯ ಹೊಸ್ತಿಲಿನವರೆಗೂ ಎಳೆಯಿರಿ.

ಕೇಳುವವರು ಯಾರು ಎಂದರೆ ನಾವೇ. ಮಗಳ ಮದುವೆಗೆಂದು ಚೀಟಿ ಕಟ್ಟಿ ಗ್ರಾಂ ಲೆಕ್ಕದಲ್ಲಿ ಚಿನ್ನ ಕೂಡಿಸುವವರು ನಾವು, ನಾನೂ ಸೇರಿದಂತೆ. ಅಂಗಡಿಯವನು ತೂಕದಲ್ಲಿ ಅರ್ಧ ಗ್ರಾಂ ಹೆಚ್ಚುಕಡಿಮೆ ಮಾಡಿದರೆ ಬಿಡದೆ ಕೇಳುತ್ತೇವೆ, ಕೂಲಿ ಎಷ್ಟು, ಸವಕಳಿ ಎಷ್ಟು ಎಂದು ಬಿಲ್ಲಿನ ಪ್ರತಿ ಸಾಲನ್ನೂ ಓದುತ್ತೇವೆ. ಕಲ್ಲಿನ ಸಾಲು, ನೀರಿನ ಸಾಲು, ಕರೆಂಟಿನ ಸಾಲು, ಕೆಮ್ಮಿನ ಸಾಲು ಆ ಬಿಲ್ಲಿನಲ್ಲಿ ಎಂದೂ ಇರಲಿಲ್ಲ. ಗಾಣದವನನ್ನು ನಿಲ್ಲಿಸಿ ಅರ್ಧ ಕಿಲೋ ಹಿಂಡಿಗೆ ಲೆಕ್ಕ ಕೇಳಬಲ್ಲ ಹೆಂಗಸರು ಮೂರು ಕೋಟಿ ಟನ್ ಹಿಂಡಿಗೂ ಲೆಕ್ಕ ಕೇಳಬಲ್ಲರು. ಅದಕ್ಕೆ ಎಂಜಿನಿಯರಿಂಗ್ ಓದಬೇಕಾಗಿಲ್ಲ.